ಎಣ್ಣೆ ಯಾರ ನೆತ್ತಿಗೆ?

ಮದುವೆಗೆ ಒಂದು ವಾರವಿರುವಾಗ ವಧುವಿನ ಮನೆಯಲ್ಲಿ ಆರೆಂಟು ಗೆಳತಿಯರು ಸೇರುತ್ತಾರೆ. ತಲೆಗೆ ಎಣ್ಣೆ, ಕಾಲಿಗೆ ಉಪ್ಪು ಹಾಕಿದ ಬಿಸಿನೀರು, ಮುಖಕ್ಕೆ ಲೇಪ, ಕಣ್ಣಿನ ಮೇಲೆ ಸೌತೆಕಾಯಿಯ ಬಿಲ್ಲೆ, ನಡುನಡುವೆ ನಗು. ಇದಕ್ಕೆ ಬ್ಯಾಚಲರೆಟ್ ಪಾರ್ಟಿ ಎಂದು ಹೆಸರು. ಗೋವೆಗೆ ಹೋಗಿ ರಾತ್ರಿಯಿಡೀ ಕುಣಿಯುವ ಬಗೆಯದಲ್ಲ, ಮನೆಯೊಳಗೇ ಸ್ಪಾ ಹೂಡಿ ಮೈಮನಸ್ಸನ್ನು ಹಗುರ ಮಾಡಿಕೊಳ್ಳುವ ಬಗೆಯದು. ಪುಣೆಯ ಕನ್ನಡ ಮನೆಗಳಲ್ಲಿ ಈಚಿನ ಮೂರು ನಾಲ್ಕು ವರ್ಷಗಳಲ್ಲಿ ಇಂಥವನ್ನು ಸಾಕಷ್ಟು ಕಂಡಿದ್ದೇನೆ. ಅವುಗಳ ಬಗ್ಗೆ ನಮ್ಮ ಹಿರಿಯರು ಆಡುವ ಮಾತನ್ನು ಅದಕ್ಕಿಂತ ಹೆಚ್ಚಾಗಿ ಕೇಳಿದ್ದೇನೆ.

ಆ ಮಾತು ಹೆಚ್ಚುಕಡಿಮೆ ಎಲ್ಲೆಡೆಯೂ ಒಂದೇ. ನಮ್ಮಲ್ಲಿ ಅರಿಶಿನ ಶಾಸ್ತ್ರವಿಲ್ಲವೇ, ಎಣ್ಣೆ ಹಚ್ಚುವ ಪದ್ಧತಿಯಿಲ್ಲವೇ, ಸುರಗಿಯ ನೀರಿಲ್ಲವೇ? ಊರು ಬಿಟ್ಟು ಬಂದು ನಾವು ಉಳಿಸಿಕೊಂಡದ್ದೇ ಇಷ್ಟು, ಅದರ ಮೇಲೂ ಈ ಪರದೇಶಿ ಆಟವೇಕೆ? ಹೊರನಾಡಿನಲ್ಲಿ ಈ ಪ್ರಶ್ನೆಗೆ ಊರಿನಲ್ಲಿ ಇಲ್ಲದ ತೂಕವೊಂದು ಬರುತ್ತದೆ. ಊರಿನವರು ಒಂದು ಶಾಸ್ತ್ರ ಬಿಟ್ಟರೆ ಅನುಕೂಲವಾಗಲಿಲ್ಲ ಎಂದಾಗುತ್ತದೆ. ನಾವು ಬಿಟ್ಟರೆ ಕನ್ನಡತನವೇ ಹೋಯಿತು ಎಂದಾಗುತ್ತದೆ. ಈ ತೂಕದ ಕೆಳಗೆ ಸಿಕ್ಕಿಬೀಳುವವರು ಯಾವಾಗಲೂ ಮನೆಯ ಹೆಣ್ಣುಮಕ್ಕಳು. ಗಂಡುಮಕ್ಕಳು ಪಂಚೆಯ ಬದಲು ಶೇರವಾನಿ ತೊಟ್ಟು ಕುದುರೆ ಏರಿದರೆ ಯಾರ ಕನ್ನಡತನವೂ ಕುಂದಿದ್ದನ್ನು ನಾನು ಕಂಡಿಲ್ಲ.

ಪರದೇಶಿ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ. ಸ್ಪಾ ಎಂಬುದು ಬೆಲ್ಜಿಯಮ್ಮಿನ ಒಂದು ಊರಿನ ಹೆಸರು, ಖನಿಜಯುಕ್ತ ಚಿಲುಮೆಗಳಿಗೆ ಹೆಸರಾದ ಊರು. ಹೆಸರು ಅಲ್ಲಿಯದು ನಿಜ. ಆದರೆ ಅದರೊಳಗಿನ ಸರಕನ್ನು ನೋಡಿ. ಶಾಂಪೂ ಎಂಬ ಇಂಗ್ಲಿಷ್ ಪದ ಹುಟ್ಟಿದ್ದೇ ಒತ್ತು, ನೀವು ಎಂಬ ಅರ್ಥದ ಹಿಂದಿ ಮಾತಿನಿಂದ. ಪಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಕ್ ದೀನ್ ಮಹಮದ್ ಇಂಗ್ಲೆಂಡಿನ ಬ್ರೈಟನ್ ಊರಿನಲ್ಲಿ ಹಬೆಸ್ನಾನ ಮತ್ತು ಮಾಲೀಸಿನ ಮನೆ ತೆರೆದು, ನಾಲ್ಕನೆಯ ಜಾರ್ಜ್ ದೊರೆಗೇ ಮಾಲೀಸಿನ ವೈದ್ಯನೆಂದು ನೇಮಕಗೊಂಡ. ಅದಕ್ಕೂ ಏಳು ಶತಮಾನ ಹಿಂದೆ ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಸ್ನಾನವನ್ನು, ಲೇಪನವನ್ನು ರಾಜಭೋಗಗಳ ಸಾಲಿನಲ್ಲಿಟ್ಟು ವರ್ಣಿಸಿದ. ವಾಗ್ಭಟನ ದಿನಚರ್ಯೆಯಲ್ಲಂತೂ ಅಭ್ಯಂಗ ನಿತ್ಯದ ಕೆಲಸ. ನೆತ್ತಿ, ಕಿವಿ, ಪಾದಗಳಿಗೆ ವಿಶೇಷವಾಗಿ. ಸರಕು ಹಡಗು ಹತ್ತಿ ಹೋಗಿ ಹೊಸ ಹೆಸರು ಹೊತ್ತು ಬಂದಿದೆ, ಅಷ್ಟೆ.

ಆದರೆ ‘ಎಲ್ಲವೂ ನಮ್ಮದೇ’ ಎಂಬ ಈ ವಾದದಲ್ಲಿ ನನಗೆ ಹೆಚ್ಚಿನ ಆಸಕ್ತಿಯಿಲ್ಲ. ಗೆಲ್ಲುವುದು ಅತಿ ಸುಲಭವಾದ ವಾದವದು, ಗೆದ್ದ ಮೇಲೆ ಕೈಗೆ ಹತ್ತುವುದೇನೂ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಹಿರಿಯರು ಹೇಳುವ ಅರಿಶಿನ ಶಾಸ್ತ್ರದಲ್ಲಿ ಎಣ್ಣೆ ಯಾರ ನೆತ್ತಿಗೆ ಬೀಳುತ್ತದೆ, ಯಾರ ಕೈಯಿಂದ ಬೀಳುತ್ತದೆ, ಆಗ ಯಾರು ಎಲ್ಲಿ ನಿಂತಿರುತ್ತಾರೆ?

ನನಗೆ ಬಲ್ಲವರ ಒಂದು ಮನೆ. ವಿಜಯಪುರದ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷವಾಯಿತು. ವಧುವಿನ ತಂದೆ ತೀರಿಕೊಂಡು ಏಳೆಂಟು ವರ್ಷ. ತಾಯಿಯೊಬ್ಬರೇ ದುಡಿದು ಮಗಳನ್ನು ಓದಿಸಿದರು, ಸಾಲ ತೀರಿಸಿದರು, ಮದುವೆಯನ್ನೂ ಗೊತ್ತುಮಾಡಿದರು. ಶನಿವಾರ ಸಂಜೆ ಗೆಳತಿಯರ ಸ್ಪಾ. ಹುಡುಗಿಯರು ಮೊದಲು ತಾಯಿಯನ್ನೇ ಕೂರಿಸಿದರು. ‘ಆಂಟಿ, ಇವತ್ತು ನೀವು ಏಳೂ ಹಂಗಿಲ್ಲ’ ಎಂದು ಒಬ್ಬಳು ತಲೆಗೆ ಕೊಬ್ಬರಿ ಎಣ್ಣೆ ತಟ್ಟಿದಳು, ಇನ್ನೊಬ್ಬಳು ಅವರ ಒಡೆದ ಹಿಮ್ಮಡಿಯನ್ನು ಬಿಸಿನೀರಿನ ಟಬ್ಬಿನಲ್ಲಿಟ್ಟು ಉಜ್ಜಿದಳು. ಮಂಗಳವಾರ ಅದೇ ಹಾಲಿನಲ್ಲಿ ಅರಿಶಿನ. ಐವರು ಮುತ್ತೈದೆಯರು ಸಿದ್ಧರಾದರು. ತಾಯಿ ಬಟ್ಟಲು ಹಿಡಿದು ಬಾಗಿಲವರೆಗೆ ಬಂದಾಗ ಬಳಗದ ಹಿರಿಯರೊಬ್ಬರು ಮೆಲ್ಲಗೆ, ಕಠಿಣವಾಗಿ ಅಲ್ಲ, ಪ್ರೀತಿಯಿಂದಲೇ ಅಂದರು: ‘ಅಕ್ಕಾರ, ನೀವು ಸ್ವಲ್ಪ ಒಳಗ ಇರ್ರಿ. ಆಮ್ಯಾಲೆ ಕರೀತೇವಿ.’ ಬಟ್ಟಲನ್ನು ಬೇರೆಯವರ ಕೈಗೆ ಕೊಟ್ಟು ಅವರು ಅಡುಗೆಮನೆಗೆ ಹೋದರು. ಕರೆದದ್ದು ಊಟದ ಹೊತ್ತಿಗೆ.

ಈ ಎರಡು ದಿನಗಳಲ್ಲಿ ಯಾವುದು ನಮ್ಮದು, ಯಾವುದು ಪರರದು ಎಂದು ನಮ್ಮ ಹಿರಿಯರು ತೀರ್ಪು ಕೊಡಲಿ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಓದಿದವರು, ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದಾಗ ನೋಡಿ ಕಣ್ಣು ಒರೆಸಿಕೊಂಡವರು ನಾವೇ. ನಮ್ಮ ಕೂಟಗಳಲ್ಲಿ ಆ ಕೃತಿಯ ಬಗ್ಗೆ ಒಳ್ಳೆಯ ಮಾತುಗಳಾಗಿವೆ. ಓದುವಾಗ ಅಷ್ಟು ಬೇಗ ಕರಗುವ ಮನಸ್ಸು ಅರಿಶಿನದ ಬಟ್ಟಲಿನ ಎದುರು ಹೇಗೆ ಗಟ್ಟಿಯಾಗುತ್ತದೆ ಎಂಬುದು ಸಾಹಿತ್ಯಾಸಕ್ತರು ಯೋಚಿಸಬೇಕಾದ ವಿಷಯ. ಕರ್ನಾಟಕದ ಗಡಿಯ ಮಗ್ಗುಲಲ್ಲೇ, ಕೊಲ್ಹಾಪುರ ಜಿಲ್ಲೆಯ ಹೇರವಾಡದ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ವಿಧವೆಯರ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳನ್ನು ನಿಲ್ಲಿಸಬೇಕೆಂದು ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಸುತ್ತೋಲೆ ಹೊರಡಿಸಿ ಉಳಿದ ಪಂಚಾಯಿತಿಗಳೂ ಅದನ್ನು ಅನುಸರಿಸಲೆಂದು ಸೂಚಿಸಿತು. ಒಂದು ಹಳ್ಳಿಯ ಪಂಚಾಯಿತಿಗೆ ಸಾಧ್ಯವಾದದ್ದು ನಗರದಲ್ಲಿ ಮೂವತ್ತು ವರ್ಷ ಕಳೆದ ನಮಗೆ ಸಾಧ್ಯವಾಗಿಲ್ಲ. ಅದನ್ನು ಸದ್ದಿಲ್ಲದೆ, ಠರಾವಿಲ್ಲದೆ ಮಾಡಿ ತೋರಿಸಿದವರು ಆ ಶನಿವಾರದ ಹುಡುಗಿಯರು. ಅವರ ಗುಂಪಿನಲ್ಲಿ ಮದುವೆಯಾದವಳಿದ್ದಳು, ಆಗದವಳಿದ್ದಳು, ವಿಚ್ಛೇದನ ಪಡೆದವಳೂ ಇದ್ದಳು. ಎಣ್ಣೆ ಹಚ್ಚುವ ಮುನ್ನ ಯಾರೂ ಯಾರ ಕೊರಳನ್ನೂ ನೋಡಲಿಲ್ಲ.

ಹಾಗೆಂದು ಈ ಸ್ಪಾ ಸಂಜೆಗಳಿಗೆಲ್ಲ ನಾನು ವಕಾಲತ್ತು ವಹಿಸಲಾರೆ. ಮಾರುಕಟ್ಟೆ ಇದನ್ನು ಮಾರುತ್ತಿರುವ ರೀತಿ ನೋಡಿದರೆ ವಿಶ್ರಾಂತಿ ಎಂಬುದು ಅದರಲ್ಲಿ ಹೆಸರಿಗೆ ಮಾತ್ರ. ಎಲ್ಲರಿಗೂ ಒಂದೇ ಬಣ್ಣದ ರೇಷ್ಮೆ ನಿಲುವಂಗಿ, ವಧುವಿನ ಹೆಸರು ಬರೆದ ಬಲೂನು, ಫೋಟೋಗೆಂದು ಗುಲಾಬಿ ದಳ ತೇಲಿಸಿದ ನೀರು. ಎರಡು ತಾಸು ಅಲಂಕಾರ, ಒಂದು ತಾಸು ಫೋಟೋ, ಆಮೇಲೆ ಯಾವ ಫೋಟೋ ಹಾಕಬೇಕೆಂಬ ಚರ್ಚೆ. ನೀರು ಅಷ್ಟರಲ್ಲಿ ಆರಿರುತ್ತದೆ. ಅದರ ಜೊತೆಗೆ ‘ಮದುಮಗಳ ಹೊಳಪು’ ಎಂಬ ಮೋಸ. ಹೊಳಪು ಎಂದರೆ ಬಿಳುಪು ಎಂದು ಎಲ್ಲರಿಗೂ ಗೊತ್ತು. ‘ಫೇರ್ ಅಂಡ್ ಲವ್ಲೀ’ 2020ರಲ್ಲಿ ‘ಗ್ಲೋ ಅಂಡ್ ಲವ್ಲೀ’ ಆಯಿತು. ಹೆಸರಿನಲ್ಲಿ ಬಿಳುಪು ಹೋಗಿ ಹೊಳಪು ಬಂದುಬಿಟ್ಟಿತು, ಕನ್ನಡಿಯ ಮುಂದೆ ನಿಂತ ಹುಡುಗಿಯ ಚಿಂತೆ ಎಲ್ಲಿಗೂ ಹೋಗಲಿಲ್ಲ. ಅರಿಶಿನ ಹಚ್ಚುವಾಗ ‘ಸ್ವಲ್ಪ ಬಣ್ಣ ಬರಲಿ’ ಎನ್ನುವ ಅಜ್ಜಿಗೂ ಈ ಜಾಹೀರಾತಿಗೂ ಈ ಒಂದು ವಿಷಯದಲ್ಲಿ ಪೂರ್ಣ ಒಮ್ಮತ.

ಇನ್ನು ವಿಶ್ರಾಂತಿಯ ಲೆಕ್ಕ. ಕೇಂದ್ರ ಸರ್ಕಾರದ 2024ರ ಕಾಲಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. 2019ರಲ್ಲಿ ಈ ಅಂಕಿಗಳು 299 ಮತ್ತು 97 ಇದ್ದವು. ಐದು ವರ್ಷದಲ್ಲಿ ಹೆಂಗಸರ ಪಾಲು ಹತ್ತು ನಿಮಿಷ ಇಳಿಯಿತೆಂದು ಸಂತೋಷಪಡುವ ಮೊದಲು ಗಂಡಸರೂ ಒಂಬತ್ತು ನಿಮಿಷ ಇಳಿಸಿಕೊಂಡಿದ್ದಾರೆಂಬುದನ್ನು ಗಮನಿಸಬೇಕು. ಕಚೇರಿಯಲ್ಲಿ ನಮಗೆ ಗಳಿಕೆ ರಜೆಯ ಖಾತೆಯೊಂದಿದೆ, ಬಳಸದಿದ್ದರೆ ಜಮೆಯಾಗುತ್ತದೆ. ಮನೆಯಲ್ಲಿ ಅಂಥ ಖಾತೆಯನ್ನು ಯಾರೂ ತೆರೆದಿಲ್ಲ. ಮದುವೆಯ ಹೊಸ್ತಿಲಲ್ಲಿ ನಿಂತ ಹುಡುಗಿಗೆ ಈ 289 ನಿಮಿಷಗಳೂ ಕಾದು ನಿಂತಿವೆ. ಅದಕ್ಕೆ ಮುನ್ನ ಒಂದು ಸಂಜೆ ಅವಳು ಕಾಲು ಚಾಚಿ ಕೂತರೆ ದುಂದು ಎನ್ನುವವರು, ಅವಳ ತಾಯಿ ಕೊನೆಯ ಬಾರಿ ಕಾಲು ಚಾಚಿ ಕೂತದ್ದು ಯಾವಾಗ ಎಂದು ನೆನಪಿಸಿಕೊಂಡು ಹೇಳಲಿ. ಹೆಚ್ಚಿನ ಮನೆಗಳಲ್ಲಿ ಅದು ಬಾಣಂತನ. ಆಗ ಮಾತ್ರ ನಮ್ಮ ಸಂಪ್ರದಾಯ ಹೆಣ್ಣಿನ ಮೈಗೆ ದಿನವೂ ಎಣ್ಣೆ ಹಚ್ಚಿ, ಹಂಡೆಗಟ್ಟಲೆ ಬಿಸಿನೀರು ಹೊಯ್ದು, ಬೆಚ್ಚಗೆ ಮಲಗಿಸಿತು. ಹೆತ್ತರೆ ಸಿಗುವ ವಿಶ್ರಾಂತಿ ಅದು. ಹೆರದವರಿಗೆ ಅದೂ ಇಲ್ಲ.

ಆದ್ದರಿಂದ ಮಾಡುವುದಿದ್ದರೆ ಮನೆಯಲ್ಲೇ ಮಾಡಿ, ಸರಿಯಾಗಿ ಮಾಡಿ. ಎರಡು ಕೋಣೆಯ ಫ್ಲಾಟಿಗೆ ಆರೇಳು ಜನ ಸಾಕು. ದಿನ ಮೆಹಂದಿಗಿಂತ ಮೊದಲಿರಲಿ, ಏಕೆಂದರೆ ಎಣ್ಣೆ ಮೆತ್ತಿದ ಕೈಗೆ ಮೆಹಂದಿ ಸರಿಯಾಗಿ ಹತ್ತದು, ಹತ್ತಿದ ಬಣ್ಣ ಬಿಸಿನೀರಿಗೆ ಮಂಕಾಗುತ್ತದೆ. ಕೊಬ್ಬರಿ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ. ತಲೆಗೆ ಸೀಗೆಪುಡಿ, ಮೈಗೆ ಕಡ್ಲೆಹಿಟ್ಟೋ ಹೆಸರುಹಿಟ್ಟೋ ಸಾಕು. ಮುಖಕ್ಕೆ ಹೊಸತೇನನ್ನೂ ಆ ವಾರ ಪ್ರಯೋಗಿಸಬೇಡಿ. ಹಚ್ಚಲೇಬೇಕೆಂದರೆ ಹಿಂದಿನ ದಿನ ಮೊಣಕೈಯ ಒಳಮಗ್ಗುಲಿಗೆ ಸವರಿ ನೋಡಿ. ನಿಂಬೆರಸವಂತೂ ಬೇಡ, ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪುಕಲೆ ಬೀಳುವುದುಂಟು. ಒಂದು ಮಾತನ್ನು ಒತ್ತಿ ಹೇಳಬೇಕು. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ, ಕಿಟಕಿ ಮುಚ್ಚಿ ಒಬ್ಬರ ಹಿಂದೊಬ್ಬರು ಸ್ನಾನ ಮಾಡುವುದು ಪ್ರಾಣಕ್ಕೇ ಅಪಾಯ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ ಜನ ಸತ್ತ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ನೀರನ್ನು ಬಕೆಟ್ಟಿಗೆ ತುಂಬಿಸಿಕೊಂಡು, ಗೀಸರ್ ಆರಿಸಿ, ಆಮೇಲೆ ಬಾಗಿಲು ಹಾಕಿಕೊಳ್ಳಿ.

ಕೆಲಸದ ಹಂಚಿಕೆ ಇದಕ್ಕಿಂತ ಮುಖ್ಯ. ಅಂದು ಅಡುಗೆಮನೆ ಗಂಡಸರದು. ಮಜ್ಜಿಗೆ, ಕೋಸಂಬರಿ, ಚಿತ್ರಾನ್ನ ಮಾಡಲು ವಧುವಿನ ಅಣ್ಣತಮ್ಮಂದಿರಿಗೆ ಬಾರದಿದ್ದರೆ ಕಲಿಯಲು ಅದೊಳ್ಳೆಯ ಸಂದರ್ಭ. ಆ್ಯಪ್ ಮೂಲಕ ಬ್ಯೂಟಿಷಿಯನ್ನರನ್ನು ಕರೆಸುವವರು ಒಂದು ಸಂಗತಿ ನೆನಪಿಡಲಿ. 2021ರ ಅಕ್ಟೋಬರಿನಲ್ಲಿ ಗುರುಗ್ರಾಮದಲ್ಲಿ ಅರ್ಬನ್ ಕಂಪನಿಯ ಕಚೇರಿಯ ಮುಂದೆ ಈ ಕೆಲಸದ ಹೆಂಗಸರೇ ಧರಣಿ ಕೂತಿದ್ದರು. ಕಮಿಷನ್ ಹೆಚ್ಚು, ರೇಟಿಂಗಿನ ಹೆಸರಿನಲ್ಲಿ ಕಿರುಕುಳ ಎಂಬುದು ಅವರ ದೂರು. ಆರು ಜನರ ಕಾಲನ್ನು ಬಗ್ಗಿ ತಿಕ್ಕಿದವಳಿಗೆ ಚಹಾ ಕೊಟ್ಟು, ಸೋಫಾದ ಮೇಲೆ ಕೂರಿಸಿ, ಐದು ನಕ್ಷತ್ರ ಒತ್ತಿ ಕಳಿಸುವುದು ಉಪಕಾರವೇನಲ್ಲ.

ಅರಿಶಿನ ಶಾಸ್ತ್ರವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಬಿಟ್ಟರೆ ನನಗೂ ಬೇಸರವೇ. ಅರೆದ ಅರಿಶಿನದ ವಾಸನೆ, ಸುರಗಿ ಸುತ್ತುವ ನೂಲು, ಹಾಡುವ ಹೆಂಗಸರ ಒಡೆದ ದನಿ ನನಗೂ ಬೇಕು. ಆದರೆ ಅದನ್ನು ಉಳಿಸಬೇಕೆನ್ನುವ ಹಿರಿಯರು ಮೊದಲು ಬಟ್ಟಲನ್ನು ತಾಯಿಯ ಕೈಗೆ ವಾಪಸು ಕೊಡಲಿ, ಆಮೇಲೆ ಹುಡುಗಿಯರ ಸೌತೆಕಾಯಿ ಬಿಲ್ಲೆಗಳ ಮಾತಾಡೋಣ. ನಮ್ಮ ಸಂಘಗಳಲ್ಲಿ ದಸರೆಗೆ, ರಾಜ್ಯೋತ್ಸವಕ್ಕೆ ನಡೆಯುವ ಅರಿಶಿನ ಕುಂಕುಮದ ಆಹ್ವಾನಪತ್ರಿಕೆಗಳಲ್ಲಿ ‘ಸುಮಂಗಲಿಯರಿಗೆ’ ಎಂಬ ಪದ ಇನ್ನೂ ಅಚ್ಚಾಗುತ್ತಿದ್ದರೆ ಅದನ್ನು ತೆಗೆಯಲು ಖರ್ಚೇನೂ ಬೀಳದು, ಒಂದು ಪದದ ಶಾಯಿ ಉಳಿಯುತ್ತದೆ.

ಇನ್ನು, ಸ್ಪಾ ಮುಗಿದ ಮೇಲೆ ಬಚ್ಚಲ ನೆಲವೆಲ್ಲ ಜಿಡ್ಡಾಗಿರುತ್ತದೆ, ಜಾರಿ ಬಿದ್ದರೆ ಮದುವೆಯ ಮನೆ ಆಸ್ಪತ್ರೆಯಾಗುತ್ತದೆ. ಒಣ ಕಡ್ಲೆಹಿಟ್ಟು ಚೆಲ್ಲಿ ಪೊರಕೆಯಿಂದ ಗುಡಿಸಿ ತೆಗೆದು, ಆಮೇಲೆ ಸಾಬೂನು ನೀರು ಹಾಕಿ ಉಜ್ಜಿ. ಉಜ್ಜುವವರು ಯಾರೆಂಬುದನ್ನು ಹಿಂದಿನ ದಿನವೇ ಗೊತ್ತುಮಾಡಿಟ್ಟುಕೊಳ್ಳಿ. ಅದು ವಧುವಿನ ತಾಯಿಯಾಗದಿರಲಿ.