ಕಾರವಾರದ ಕೊಲ್ಲಿಯೂ ಅದರ ದಡದ ಊರುಗಳೂ

ಕಳೆದ ತಿಂಗಳು ನಮ್ಮ ಕೈಸೇರಿದ ಓಲೆಗಳಲ್ಲಿ ಒಂದನ್ನು ಓದಿ ಮುಗಿಸಿದ ಮೇಲೆ ನಾವು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆವು. ಬರೆದವರು ಕಾರವಾರದ ಕಡೆಯ ಓರ್ವ ಗೃಹಿಣಿ. ಅವರು ಮದುವೆಯಾಗಿ ಬಂದ ಮನೆಯು ಕಡಲಂಚಿನ ಹಳ್ಳಿಯೊಂದರಲ್ಲಿದ್ದಿತಂತೆ. ನೌಕಾನೆಲೆಗಾಗಿ ಆ ನೆಲವನ್ನು ಸರಕಾರವು ಪಡೆದುಕೊಂಡಿತು. ಮನೆಯವರು ಬೇರೆಡೆ ಹೊಸ ಮನೆ ಕಟ್ಟಿದರು. ಈಗ ಮೊಮ್ಮಗಳಿಗೆ ಶಾಲೆಯಲ್ಲಿ ‘ನಮ್ಮ ಊರು’ ಎಂಬ ಪ್ರಬಂಧವನ್ನು ಬರೆಯಹೇಳಿದ್ದಾರೆ. ಅಜ್ಜಿಯು ಹಳೆಯ ಹಳ್ಳಿಯ ಹೆಸರನ್ನು ಹೇಳಿದರೆ ಮಗುವು, “ಅಲ್ಲಿಗೆ ಹೋಗಿ ನೋಡಿ ಬರೋಣವೇ?” ಎಂದು ಕೇಳಿತು. ಹೋಗಲು ಅಲ್ಲಿ ಊರಿಲ್ಲ. “ಇಲ್ಲದ ಊರನ್ನು ನಮ್ಮ ಊರೆಂದು ಬರೆಯಬಹುದೇ, ಮಾಸ್ತರರೇ?” ಎಂಬುದು ಆ ಸೋದರಿಯ ಪ್ರಶ್ನೆ.

ನಾವು ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದವರು. ‘ನಮ್ಮ ಊರು’ ಎಂಬ ವಿಷಯವನ್ನು ಎಷ್ಟು ಸಲ ಹಲಗೆಯ ಮೇಲೆ ಬರೆದಿದ್ದೇವೆಯೋ ಲೆಕ್ಕವಿಲ್ಲ. ಅದು ಎಲ್ಲಕ್ಕಿಂತ ಸುಲಭವಾದ ವಿಷಯವೆಂದೇ ಎಣಿಸಿದ್ದೆವು. ಬೆರಳಿಟ್ಟು ತೋರಿಸಲು ಊರಿಲ್ಲದ ಮಗುವೊಂದು ಹಿಂದಿನ ಸಾಲಿನಲ್ಲಿ ಕುಳಿತಿರಬಹುದೆಂಬ ವಿಚಾರವು ನಮಗೆ ಒಮ್ಮೆಯೂ ಹೊಳೆಯಲಿಲ್ಲ. ಆದುದರಿಂದ ಈ ಸಲದ ಬರೆಹವು ಆ ಸೋದರಿಗೆ ಉತ್ತರವೂ ಹೌದು, ನಮ್ಮ ತಪ್ಪಿಗೆ ಒಪ್ಪಿಗೆಯೂ ಹೌದು.

ಮೊದಲು ಸ್ಥಳವನ್ನು ನೋಡೋಣ. ಸಹ್ಯಾದ್ರಿಯಿಂದಿಳಿದ ಕಾಳೀನದಿಯು ಕಡಲನ್ನು ಸೇರುವಲ್ಲಿ ನೆಲವು ಒಳಕ್ಕೆ ಬಾಗಿ ಕೊಲ್ಲಿಯಾಗಿದೆ. ನದೀಮುಖದ ಬಡಗಣ ದಡದಲ್ಲಿ ಸದಾಶಿವಗಡದ ಗುಡ್ಡ. ತೆಂಕಣ ದಡದಲ್ಲಿ ಕೋಡಿಬಾಗ, ಅದರ ಮುಂದೆ ಕಾರವಾರ ಪಟ್ಟಣ, ಬೈತಖೋಲದ ಬಂದರು. ಎದುರಿನ ನೀರಿನಲ್ಲಿ ಕೂರ್ಮಗಡ, ದೇವಗಡ ಮೊದಲಾದ ದ್ವೀಪಗಳು. ತುಸು ದಕ್ಷಿಣಕ್ಕೆ ಅಂಜದೀವ. ಗುಡ್ಡವೂ ದ್ವೀಪಗಳೂ ಗಾಳಿಯನ್ನು ತಡೆಯುವುದರಿಂದ ಹಡಗುಗಳಿಗೆ ಇಲ್ಲಿ ಒಳ್ಳೆಯ ಆಸರೆಯುಂಟು. ಇಂತಹ ಬಂದರನ್ನು ಪ್ರಕೃತಿಯೇ ಕೊಟ್ಟಿರುವಾಗ ಅಲ್ಲಿಯ ಊರು ಸಾವಿರ ವರ್ಷ ಒಂದೇ ಕಡೆ ಬೇರುಬಿಟ್ಟು ನಿಂತಿರಬೇಕೆಂದು ಯಾರಾದರೂ ಭಾವಿಸಬಹುದು. ನಡೆದುದು ಬೇರೆ.

ಹಳೆಯ ಕಾರವಾರವು ಇಂದಿನ ಪಟ್ಟಣದ ಸ್ಥಳದಲ್ಲಿರಲಿಲ್ಲ. ಅದು ನದಿಯ ದಡದಲ್ಲಿ ತುಸು ಒಳಗೆ, ಕಡವಾಡದ ಕಡೆಗೆ ಇದ್ದಿತು. ಕಡವಾಡವೆಂಬ ಹೆಸರೇ ಕಾರವಾರವಾಯಿತೆಂದು ಹೇಳುವ ರೂಢಿಯುಂಟು. ಸೋದೆಯ ಸೀಮೆಯ ಕರಿಮೆಣಸಿನ ಕೀರ್ತಿಯನ್ನು ಕೇಳಿ 1638ರಲ್ಲಿ ವಿಲಿಯಂ ಕೋರ್ಟೀನನ ಇಂಗ್ಲಿಷ್ ಕಂಪೆನಿಯು ಇಲ್ಲಿ ವಖಾರಿಯನ್ನು ತೆರೆಯಿತು. ಮುಂದೆ ಅದು ಈಸ್ಟ್ ಇಂಡಿಯಾ ಕಂಪೆನಿಯ ಪಾಲಾಯಿತು. ಮೆಣಸು, ಏಲಕ್ಕಿಗಳೊಡನೆ ನಯವಾದ ಅರಿವೆಯೂ ಇಲ್ಲಿಂದ ಹಡಗನ್ನೇರುತ್ತಿತ್ತು. ಆ ಅರಿವೆಯನ್ನು ನೇಯುತ್ತಿದ್ದುದು ಕರಾವಳಿಯಲ್ಲಲ್ಲ, ಹುಬ್ಬಳ್ಳಿ ಮೊದಲಾದ ಘಟ್ಟದ ಮೇಲಿನ ಊರುಗಳ ಮಗ್ಗಗಳಲ್ಲಿ. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಬಂದರು ಕಡಲಿನಲ್ಲಿದ್ದರೂ ಅದರ ಅನ್ನವು ಘಟ್ಟದಿಂದ ಇಳಿದು ಬರುತ್ತಿತ್ತು. ಘಟ್ಟದ ದಾರಿ ಕಟ್ಟಿದರೆ ಬಂದರೂ ಉಪವಾಸ. 1665ರಲ್ಲಿ ಶಿವಾಜಿ ಮಹಾರಾಜರು ಬಸರೂರಿನ ದಂಡಯಾತ್ರೆಯಿಂದ ಹಿಂದಿರುಗುತ್ತ ಕಾರವಾರದ ವರ್ತಕರಿಂದ ಕಪ್ಪವನ್ನು ಪಡೆದರು. ಇಂಗ್ಲಿಷರೂ ತಮ್ಮ ಪಾಲನ್ನು ತೆತ್ತರು.

ಇನ್ನು ಅಂಜದೀವದ ಕಥೆ. 1498ರಲ್ಲಿ ವಾಸ್ಕೋ ಡ ಗಾಮನು ಅಲ್ಲಿ ತಂಗಿದನು. 1505ರಲ್ಲಿ ಪೋರ್ತುಗೀಜರು ಕೋಟೆ ಕಟ್ಟಿ, ಮರುವರ್ಷವೇ ಅದನ್ನು ಕೆಡವಿ ಹೋದರು. ಅದಾಗಿ ನೂರೈವತ್ತು ವರ್ಷಗಳ ಮೇಲೆ ಪೋರ್ತುಗಲ್ಲಿನ ರಾಜಕುಮಾರಿಯನ್ನು ಇಂಗ್ಲಿಷ್ ದೊರೆಯು ವಿವಾಹವಾದಾಗ ಮುಂಬಯಿಯು ವರದಕ್ಷಿಣೆಯಾಗಿ ಸಂದಿತಷ್ಟೆ. ಅದನ್ನು ವಶಕ್ಕೆ ಪಡೆಯಲು ಅಬ್ರಹಾಂ ಶಿಪ್‌ಮನ್ ಎಂಬವನೊಡನೆ 1662ರಲ್ಲಿ ಬಂದ ನೂರಾರು ಸೈನಿಕರಿಗೆ ಪೋರ್ತುಗೀಜ್ ಅಧಿಕಾರಿಗಳು ಮುಂಬಯಿಯನ್ನು ಬಿಟ್ಟುಕೊಡಲಿಲ್ಲ. ಅವರು ಅಂಜದೀವದಲ್ಲಿ ಕಾದು ಕುಳಿತರು. ರೋಗದಿಂದ ಬಹುಪಾಲು ಜನರು ಅಲ್ಲಿಯೇ ಮಡಿದರು; 1664ರಲ್ಲಿ ಶಿಪ್‌ಮನ್ನನೂ ಸತ್ತನು. ಯಾವುದೋ ದೂರದೇಶದ ಮದುವೆಯ ಚಪ್ಪರಕ್ಕೆ ಈ ಕೊಲ್ಲಿಯ ದ್ವೀಪದಲ್ಲಿ ಶ್ಮಶಾನವಾಯಿತು.

1715ರಲ್ಲಿ ಸೋದೆಯ ಅರಸರು ಕಾರವಾರದ ಹಳೆಯ ಕೋಟೆಯನ್ನು ಕೆಡವಿಸಿ ನದಿಯ ಬಡಗಣ ದಡದಲ್ಲಿ ಸದಾಶಿವಗಡವನ್ನು ಕಟ್ಟಿಸಿದರು. ಕೋಟೆಯೊಡನೆ ಊರಿನ ಬಲವೂ ದಡ ಬದಲಿಸಿತು. ಹೊಸ ಕೋಟೆಯ ಹೆದರಿಕೆಯಿಂದ ಇಂಗ್ಲಿಷರ ವಖಾರಿಯು ಕೆಲಕಾಲದಲ್ಲಿಯೇ ಮುಚ್ಚಿತು. 1750ರಲ್ಲಿ ಪುನಃ ತೆರೆದರೂ 1752ರಲ್ಲಿ ಪೋರ್ತುಗೀಜರು ಸದಾಶಿವಗಡವನ್ನು ಹಿಡಿದುಕೊಂಡರು. ಆಮೇಲೆ ಹೈದರಾಲಿಯ ಆಳಿಕೆ, ಮೈಸೂರಿನ ಯುದ್ಧಗಳು, 1799ರಲ್ಲಿ ಕಂಪೆನಿ ಸರಕಾರ. 1801ರ ಹೊತ್ತಿಗೆ ಹಳೆಯ ಕಾರವಾರವು ಹಾಳುಬಿದ್ದಿತ್ತು.

ಮುಂದೆ ಅರುವತ್ತು ವರ್ಷ ಇಲ್ಲಿದ್ದುದು ಮೀನುಗಾರರ ಹಳ್ಳಿಗಳು. ಮದರಾಸು ಆಧಿಪತ್ಯದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿಸಿದರು. ಕಾರವಾರವು ಜಿಲ್ಲೆಯ ಮುಖ್ಯಸ್ಥಾನವಾಯಿತು. ಆ ಹಳ್ಳಿಗಳ ನೆಲದ ಮೇಲೆ ಕಚೇರಿ, ನ್ಯಾಯಸ್ಥಾನ, ಬಂಗಲೆಗಳೆದ್ದುವು. 1864ರಲ್ಲಿ ದೇವಗಡದ ಮೇಲೆ ದೀಪಸ್ತಂಭವು ಬೆಳಗಿತು. ನಾವಿಂದು ಕಾಣುವ ಪಟ್ಟಣವು ಹೀಗೆ ಹುಟ್ಟಿದುದು. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ರವೀಂದ್ರನಾಥ ಠಾಕೂರರು ಒಂದು ನಾಟಕವನ್ನು ಇಲ್ಲಿಯೇ ಬರೆದರು. ಕಡಲಂಚಿಗೆ ಇಂದು ಅವರದೇ ಹೆಸರು.

ಪಟ್ಟಣವೇನೋ ಹುಟ್ಟಿತು, ಬೆಳೆಯಲಿಲ್ಲ. ಅಮೆರಿಕೆಯ ಒಳಯುದ್ಧದ ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂದು, ಅದನ್ನು ಕಾರವಾರಕ್ಕೆ ಇಳಿಸಬೇಕೆಂಬ ಉತ್ಸಾಹ ಹುಟ್ಟಿತ್ತು. ಹುಬ್ಬಳ್ಳಿಯಿಂದ ಇಲ್ಲಿಗೆ ರೈಲುದಾರಿಯ ಯೋಜನೆಯಾಯಿತು. 1874ರಲ್ಲಿ ಅದನ್ನು ಕೈಬಿಟ್ಟರು. 1888ರ ಸುಮಾರಿಗೆ ಗೋವೆಯ ಮುರ್ಮಗೋವಾ ಬಂದರಿಗೆ ಘಟ್ಟದಿಂದ ರೈಲು ಇಳಿಯಿತು. ಸರಕೆಲ್ಲ ಆ ಕಡೆಗೆ ಹರಿಯಿತು. ಕಾರವಾರವು ಮೊದಲ ಬಾರಿಗೆ ರೈಲನ್ನು ಕಂಡುದು ಇಪ್ಪತ್ತನೆಯ ಶತಮಾನದ ಕೊನೆಗೆ, ಕಡಲಂಚಿನಲ್ಲಿಯೇ ಸಾಗುವ ಕೊಂಕಣ ರೈಲಿನಿಂದ. ಆ ದಾರಿಯು 1998ರಲ್ಲಿ ಸಂಪೂರ್ಣವಾಯಿತು. ಹುಬ್ಬಳ್ಳಿಯಿಂದ ಘಟ್ಟವಿಳಿದು ಬರುವ ಹಳಿಯು ಇಂದಿಗೂ ಬಂದಿಲ್ಲ.

ಇನ್ನು ಆ ಸೋದರಿಯ ಕಾಲಕ್ಕೆ ಬರೋಣ. 1961ರ ನವೆಂಬರಿನಲ್ಲಿ ಅಂಜದೀವದಲ್ಲಿದ್ದ ಪೋರ್ತುಗೀಜ್ ಸೈನಿಕರು ಹಾದುಹೋಗುತ್ತಿದ್ದ ಪ್ರಯಾಣಿಕರ ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿಸಿದರು. ಡಿಸೆಂಬರಿನಲ್ಲಿ ನಮ್ಮ ನಾವಿಕರು ಪ್ರಾಣ ತೆತ್ತು ದ್ವೀಪವನ್ನು ಬಿಡಿಸಿದರು. ಕೊಲ್ಲಿಯ ದಕ್ಷಿಣಕ್ಕೆ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದಿತು. 2005ರಲ್ಲಿ ಅದು ‘ಕದಂಬ’ ಎಂಬ ಹೆಸರಿನಿಂದ ಕಾರ್ಯಾರಂಭ ಮಾಡಿತು. ಅಂಜದೀವವನ್ನು ಇಂದು ಕಲ್ಲಿನ ಅಡ್ಡಗಟ್ಟೆಯು ದಡಕ್ಕೆ ಜೋಡಿಸಿದೆ. ಇದಕ್ಕಾಗಿ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ಮರಳನ್ನು ಬಿಟ್ಟು ಎದ್ದರು. ಪರಿಹಾರದ ವ್ಯಾಜ್ಯಗಳು ವರ್ಷಗಟ್ಟಲೆ ನಡೆದುವು. ದೇಶಕ್ಕೆ ಕಾವಲು ಬೇಕೆಂಬುದು ಸತ್ಯ. ಆ ಕಾವಲಿನ ಬೆಲೆಯನ್ನು ಕೆಲವರು ಮಾತ್ರ ತಮ್ಮ ಹೊಸ್ತಿಲಿನಿಂದ ತೆತ್ತರೆಂಬುದೂ ಅಷ್ಟೇ ಸತ್ಯ. ಒಂದನ್ನು ಹೇಳುವಾಗ ಇನ್ನೊಂದನ್ನು ನುಂಗಬಾರದು.

ಈ ಚರಿತ್ರೆಯಿಂದ ನಮಗೆ ತೋರುವುದು ಇಷ್ಟು. ಈ ಕೊಲ್ಲಿಯ ಊರುಗಳು ಎದ್ದುದೂ ಬಿದ್ದುದೂ ಕಡಲಿನಿಂದಲ್ಲ. ಲಂಡನ್, ಲಿಸ್ಬನ್, ಸೋದೆ, ಮುಂಬಯಿ, ದೆಹಲಿ, ಎಲ್ಲಿಯೋ ಕುಳಿತು ಮಾಡಿದ ನಿಶ್ಚಯಗಳಿಂದ ಇಲ್ಲಿ ಊರುಗಳು ನೆಲೆ ಬದಲಿಸಿದುವು. ಸಂಸ್ಕೃತದ ‘ವೇಲಾ’ ಎಂಬ ಶಬ್ದಕ್ಕೆ ಕಡಲಂಚು ಎಂಬ ಅರ್ಥವೂ ಕಾಲವೆಂಬ ಅರ್ಥವೂ ಉಂಟು. ನಾವು ‘ವೇಳೆ’ ಎನ್ನುವುದು ಆ ಶಬ್ದವನ್ನೇ. ದಡವೂ ಹೊತ್ತಿನಂತೆ ಸರಿಯುವುದೆಂದು ಹಿಂದಿನವರಿಗೆ ತಿಳಿದಿತ್ತೇನೋ. ಆದರೆ ಒಂದು ಭೇದವುಂಟು. ಇಂಗ್ಲಿಷರ ವಖಾರಿಯ ಲೆಕ್ಕವು ಉಳಿಯಿತು, ಏಕೆಂದರೆ ಅವರು ಬರೆದಿಟ್ಟರು. ಹಳೆಯ ಕಾರವಾರದ ಬೀದಿಗಳಲ್ಲಿ ಬಾಳಿದ ಗೃಹಿಣಿಯರು ಯಾವ ಬಾವಿಯ ನೀರು ಸೇದಿದರು, ಯಾವ ಕಟ್ಟೆಯ ಮೇಲೆ ಕುಳಿತು ಹರಟಿದರು ಎಂಬುದನ್ನು ತಿಳಿಯಲು ನಮಗಿಂದು ದಾರಿಯಿಲ್ಲ.

ಆದುದರಿಂದ, ಸೋದರೀ, ಮೊಮ್ಮಗಳು ಧೈರ್ಯವಾಗಿ ಬರೆಯಲಿ. ಪ್ರಬಂಧಕ್ಕಿಂತ ಮೊದಲು ನೀವಿಬ್ಬರೂ ಕೂಡಿ ಒಂದು ನೋಟುಬುಕ್ಕನ್ನು ಹಿಡಿಯಿರಿ. ಹಳೆಯ ಹಳ್ಳಿಯ ಕೇರಿಗಳ ಹೆಸರು, ನಿಮ್ಮ ಮನೆಯ ಮೂಡಣಕ್ಕೆ ಯಾರಿದ್ದರು ಪಡುವಣಕ್ಕೆ ಯಾರಿದ್ದರು, ಬಾವಿ, ಗದ್ದೆ, ಗ್ರಾಮದೇವರು, ದೋಣಿ ನಿಲ್ಲುತ್ತಿದ್ದ ಸ್ಥಳ, ಈಗ ಯಾವ ಮನೆತನ ಎಲ್ಲಿ ನೆಲೆಸಿದೆ, ಇವೆಲ್ಲವನ್ನೂ ಬರೆಯಿರಿ. ಮನೆಮಾತು ಕೊಂಕಣಿಯಾಗಿದ್ದರೆ ಹೆಸರುಗಳನ್ನು ಕೊಂಕಣಿಯಲ್ಲಿಯೇ ಇಡಿರಿ, ಶುದ್ಧಗೊಳಿಸಲು ಹೋಗಬೇಡಿರಿ. ಹಳೆಯ ಪಹಣಿ, ಕಂದಾಯದ ರಸೀದಿಗಳಿದ್ದರೆ ಅದರೊಡನೆ ಕಟ್ಟಿಡಿರಿ. ಅಣೆಕಟ್ಟು, ಹೆದ್ದಾರಿಗಳಿಗೆ ನೆಲ ಬಿಟ್ಟು ಬಂದ ಇತರ ವಾಚಕರಿಗೂ ನಮ್ಮ ಬಿನ್ನಹವು ಇದೇ. ನಾಳೆ ಎಂದರೆ ಹೇಳುವವರು ಒಬ್ಬರು ಕಡಿಮೆಯಾಗಿರುತ್ತಾರೆ.

ಪುಷ್ಯಮಾಸದ ಹುಣ್ಣಿಮೆಗೆ ಕೂರ್ಮಗಡದ ನರಸಿಂಹದೇವರ ಜಾತ್ರೆಗೆ ಜನರು ದೋಣಿಗಳಲ್ಲಿ ಹೋಗುತ್ತಾರೆ. ಮಗುವನ್ನು ಆ ದಿನ ದೋಣಿಯಲ್ಲಿ ಕೂರಿಸಿಕೊಂಡು ಹೋಗಿರಿ. ನೀರಿನ ಮೇಲಿನಿಂದ ದಕ್ಷಿಣದ ಗುಡ್ಡವನ್ನು ತೋರಿಸಿ, “ಅದರ ಆಚೆ ನಮ್ಮ ಊರು ಇದ್ದಿತು” ಎಂದು ಹೇಳಿರಿ. ‘ಇದ್ದಿತು’ ಎಂದು ಬರೆದ ಪ್ರಬಂಧಕ್ಕೆ ಯಾವ ಮಾಸ್ತರನೂ ಅಂಕ ಕಡಿಯಬಾರದು. ನಾವಾದರೆ ಕಡಿಯುತ್ತಿರಲಿಲ್ಲ.