ಎಂಟಡಿ ಐದಡಿಯ ಅಡಿಗೆಮನೆ

ಬಾಡಿಗೆಗೆ ಮನೆ ನೋಡಲು ಹೋದ ಗಂಡಸರು ಮೊದಲು ಗೋಡೆಯನ್ನು ತಟ್ಟಿ ನೋಡುತ್ತಾರೆ. ಆಮೇಲೆ ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಕೊನೆಗೆ ಮುಂಗಡದ ಮಾತಿಗೆ ಬರುತ್ತಾರೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಕತ್ತು ಚಾಚಿ ‘ಪರವಾಗಿಲ್ಲ, ಸಾಕು’ ಎಂದುಬಿಟ್ಟರೆ ಅವರ ಕರ್ತವ್ಯ ಮುಗಿಯಿತು. ಯಾರಿಗೆ ಸಾಕು, ಎಷ್ಟಕ್ಕೆ ಸಾಕು ಎಂದು ಕೇಳುವವರಿಲ್ಲ. ಮೂರು ವರ್ಷಗಳ ಹಿಂದೆ ನಮ್ಮ ತಂದೆಯವರೂ ನಾನೂ ಹೀಗೆಯೇ ಕತ್ತು ಚಾಚಿ ನೋಡಿ ಬಂದೆವು. ಈ ಲೇಖನ ಆ ತಪ್ಪಿಗೆ ಪ್ರಾಯಶ್ಚಿತ್ತವೆಂದು ವಾಚಕರು ಭಾವಿಸಿದರೂ ನನ್ನ ಅಭ್ಯಂತರವಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಅಡಿಗೆಮನೆಯ ಉಸಾಬರಿ ಏಕೆಂದು ಸಹಪಾಠಿಗಳು ನಗಬಹುದು. ಕೊರತೆಯಿರುವ ವಸ್ತುವನ್ನು ಹೇಗೆ ಹಂಚಬೇಕೆಂಬುದೇ ನಮ್ಮ ಶಾಸ್ತ್ರದ ಮೊದಲ ಪಾಠವಾಗಿರುವಾಗ, ಬೆಂಗಳೂರಿನಲ್ಲಿ ಜಾಗಕ್ಕಿಂತ ಕೊರತೆಯಾದ ವಸ್ತು ಯಾವುದಿದೆ?

ನಮ್ಮದು ಎರಡನೆಯ ಮಹಡಿಯ ಮನೆ. ಒಂದು ಕೋಣೆ, ಒಂದು ಹಜಾರ, ಐದು ಜನ. ಅಡಿಗೆಮನೆ ಎಂಟಡಿ ಉದ್ದ, ಐದಡಿ ಅಗಲ; ಎಂದರೆ ನಾಲ್ವತ್ತು ಚದರಡಿ. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆ ಅಡಿಗೆಮನೆಗೆ ಕಡಮೆಯೆಂದರೆ ೫ ಚದರ ಮೀಟರು, ಅಂದರೆ ಸುಮಾರು ೫೪ ಚದರಡಿ ಇರಬೇಕೆಂದೂ ಅಗಲ ೧.೮ ಮೀಟರಿಗೆ ಕಡಮೆಯಾಗಕೂಡದೆಂದೂ ಹೇಳುತ್ತದೆ. ಸಂಹಿತೆ ಪುಸ್ತಕದಲ್ಲಿದೆ, ನಾವು ಮನೆಯಲ್ಲಿದ್ದೇವೆ.

ಕಳೆದ ವರ್ಷ ಅವರೆಕಾಯಿಯ ಕಾಲದಲ್ಲಿ ಒಂದು ಬೆಳಗ್ಗೆ ತಾಯಿಯವರು ಹಿತಕಬೇಳೆಯ ಸಾರನ್ನು ಒಲೆಯಿಂದ ಇಳಿಸುತ್ತಿದ್ದರು. ಶಾಲೆಗೆ ಹೊತ್ತಾಯಿತೆಂದು ತಮ್ಮ ನೀರಿಗಾಗಿ ಓಡಿಬಂದು ಬಾಗಿಲು ತಳ್ಳಿದ. ಅದು ಒಳಕ್ಕೆ ತೆರೆಯುವ ಬಾಗಿಲು. ಹಲಗೆ ಅಮ್ಮನ ಮೊಣಕೈಗೆ ಬಡಿಯಿತು. ಕುದಿಯುವ ಸಾರು ಮಣಿಕಟ್ಟಿನಿಂದ ಮೊಣಕೈವರೆಗೆ ಚೆಲ್ಲಿತು. ತಮ್ಮನಿಗೆ ಬೈಗುಳ ಬಿತ್ತು. ಬಾಗಿಲನ್ನು ಬೈದವರಿಲ್ಲ.

ಆಮೇಲೆ ಹದಿನೈದು ದಿನ ತಂದೆಯವರೂ ನಾನೂ ಸರದಿಯ ಮೇಲೆ ಅಡಿಗೆ ಮಾಡಿದೆವು. ಅಜ್ಜಿ ಹಜಾರದಲ್ಲಿ ಕುಳಿತು, “ಉಪ್ಪು ಹಾಕಿದೆಯೇನೋ? ಒಗ್ಗರಣೆ ಸೀಯಿತು ನೋಡೋ!” ಎಂದು ಕೂಗಿ ಕೂಗಿ ನಡೆಸಿಕೊಟ್ಟರು. ನಲವತ್ತು ವರ್ಷ ಒಂದು ದೊಡ್ಡ ಸಂಸಾರಕ್ಕೆ ಬೇಯಿಸಿ ಹಾಕಿದವರು ಅವರು. ಈ ಮನೆಗೆ ಬಂದ ಮೇಲೆ ಒಳಗೆ ಇಬ್ಬರು ನಿಲ್ಲಲಾರರೆಂದು ತಾವೇ ಹೊರಗುಳಿದರು. “ನಾನು ಈಗ ಈ ಮನೆಗೆ ನೆಂಟಳು ಕಣಪ್ಪ” ಎಂದು ಅವರು ಒಮ್ಮೆ ಹೇಳಿದ್ದು ತಮಾಷೆಗೆಂದು ನಾನು ತಿಳಿದಿದ್ದೆ. ಸೌಟು ಹಿಡಿದ ಆ ಹದಿನೈದು ದಿನಗಳಲ್ಲಿ ಅದು ತಮಾಷೆಯಲ್ಲವೆಂದು ಅರ್ಥವಾಯಿತು.

ಚಿಕ್ಕ ಅಡಿಗೆಮನೆಯ ಬಗ್ಗೆ ಶಾಸ್ತ್ರೋಕ್ತವಾಗಿ ವಿಚಾರ ಮಾಡಿದವರು ಇಲ್ಲದಿಲ್ಲ. ೧೯೨೬ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕಾರ್ಮಿಕರಿಗಾಗಿ ಸಾವಿರಾರು ಮನೆಗಳನ್ನು ಕಟ್ಟಲು ಹೊರಟಾಗ, ಮಾರ್ಗರೆಟ್ ಷ್ಯೂಟೆ ಲಿಹೋಟ್ಸ್ಕಿ ಎಂಬ ಆಸ್ಟ್ರಿಯದ ವಾಸ್ತುಶಿಲ್ಪಿ ಒಂದು ಅಡಿಗೆಮನೆಯ ನಕ್ಷೆ ತಯಾರಿಸಿದರು. ರೈಲುಗಾಡಿಯ ಊಟದ ಬೋಗಿಯಲ್ಲಿ ಅಂಗೈಯಗಲದ ಜಾಗದಲ್ಲಿ ಅಷ್ಟು ಜನಕ್ಕೆ ಅಡಿಗೆಯಾಗುವುದನ್ನು ಕಂಡು ಅದರಿಂದ ಪಾಠ ಕಲಿತರು; ಯಾವ ಕೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಎಂದು ಲೆಕ್ಕ ಹಾಕಿದರು. ಬಾಗಿಲು ಪಕ್ಕಕ್ಕೆ ಸರಿಯುವುದು. ಇಸ್ತ್ರಿಯ ಹಲಗೆ ಗೋಡೆಗೆ ಮಡಚಿಕೊಳ್ಳುವುದು. ಅಕ್ಕಿ ಸಕ್ಕರೆಗಳಿಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಗಳು. ಹುಳು ಬಾರದಿರಲೆಂದು ಹಿಟ್ಟಿಗೆ ಓಕ್ ಮರದ ಪೆಟ್ಟಿಗೆ. ನೊಣ ಕೂರದೆಂಬ ನಂಬಿಕೆಯಿಂದ ಮರಕ್ಕೆಲ್ಲ ನೀಲಿಯ ಬಣ್ಣ. ಸುಮಾರು ಹತ್ತು ಸಾವಿರ ಮನೆಗಳಿಗೆ ಇದನ್ನು ಜೋಡಿಸಿದರು. ತಮಾಷೆಯೆಂದರೆ, ತಾವು ಅದಕ್ಕೆ ಮೊದಲು ಅಡಿಗೆ ಮಾಡಿದವರೇ ಅಲ್ಲವೆಂದು ಆಕೆಯೇ ಮುಂದೆ ಹೇಳಿಕೊಂಡದ್ದುಂಟು. ಜಗತ್ಪ್ರಸಿದ್ಧವಾದ ಈ ಪುಟ್ಟ ಅಡಿಗೆಮನೆಯ ಅಳತೆ ೧.೯ ಮೀಟರು ಅಗಲ, ೩.೪ ಮೀಟರು ಉದ್ದ. ಹತ್ತಿರ ಹತ್ತಿರ ಎಪ್ಪತ್ತು ಚದರಡಿ! ನಮ್ಮದಕ್ಕೆ ಹೋಲಿಸಿದರೆ ಅದು ಅರಮನೆಯ ಪಾಕಶಾಲೆ.

ನಮ್ಮ ಹಿರಿಯರಿಗೆ ಈ ವಿದ್ಯೆ ತಿಳಿಯದೆಂದು ಭಾವಿಸಬೇಕಾಗಿಲ್ಲ. ಅಜ್ಜಿಯ ಊರಿನ ಮನೆಯಲ್ಲಿ ಗೋಡೆಯೊಳಗೆ ಗೂಡು, ತಲೆಯ ಮೇಲೆ ನಾಗಂದಿಗೆ, ಅದರ ಮೇಲೆ ಅಟ್ಟ, ಜಂತೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಹಾಲು ಮೊಸರು. ನೆಲವನ್ನು ಕೆಲಸಕ್ಕೆ ಬಿಟ್ಟು, ಉಳಿದದ್ದನ್ನೆಲ್ಲ ಗಾಳಿಯಲ್ಲಿ ಇಟ್ಟಿದ್ದರು. ಬೆಂಗಳೂರಿನ ಹಳೆಯ ವಠಾರಗಳ ಅಡಿಗೆಮನೆಗಳೂ ಚಿಕ್ಕವೇ. ಆದರೆ ಅಲ್ಲಿ ಅಕ್ಕಿ ಆರಿಸುವುದು, ಸೊಪ್ಪು ಬಿಡಿಸುವುದು ಎಲ್ಲವೂ ಜಗಲಿಗೆ ಹರಿದುಬರುತ್ತಿತ್ತು. ಇಂದಿನ ಮಹಡಿಮನೆ ವಠಾರದ ಅಡಿಗೆಮನೆಯನ್ನು ಉಳಿಸಿಕೊಂಡಿತು, ಜಗಲಿಯನ್ನು ಕಳೆದುಕೊಂಡಿತು.

ಅಮ್ಮನ ಕೈ ವಾಸಿಯಾದ ಮೇಲೆ ಒಂದು ಭಾನುವಾರ ಅಳತೆಯ ಪಟ್ಟಿ ಹಿಡಿದು ಕುಳಿತೆವು. ಮೊದಲು ಬಾಗಿಲನ್ನು ಕಳಚಿ ಮಂಚದ ಕೆಳಗೆ ಇಟ್ಟೆವು; ಮನೆಯ ಯಜಮಾನರಿಗೆ ಬಿಟ್ಟುಹೋಗುವಾಗ ಒಪ್ಪಿಸಿದರಾಯಿತು. ಬಾಗಿಲು ತಿರುಗುವ ಜಾಗವೇ ಆರು ಚದರಡಿ ಸಿಕ್ಕಿತು. ಎರಡನೆಯದು ಗ್ಯಾಸಿನ ಸಿಲಿಂಡರು. ಒಳಗಿನ ಅನಿಲವೇ ೧೪.೨ ಕಿಲೋ, ಕಬ್ಬಿಣವೂ ಸೇರಿದರೆ ಅದರ ಎರಡರಷ್ಟು. ಮೆಕ್ಯಾನಿಕ್ಕನ್ನು ಕರೆಸಿ ತಾಮ್ರದ ಕೊಳವೆ ಹಾಕಿಸಿ ಅದನ್ನು ಪಾತ್ರೆ ತೊಳೆಯುವ ಬಾಲ್ಕನಿಯ ನೆರಳಿಗೆ ಸಾಗಿಸಿದೆವು. ಇಲ್ಲಿ ಒಂದು ಮಾತು ಹೇಳಲೇಬೇಕು. ಅಂದಕ್ಕೆಂದು ಸಿಲಿಂಡರನ್ನು ಮುಚ್ಚಿದ ಬೀರುವಿನಲ್ಲಿ ಅಡಗಿಸುವ ಪದ್ಧತಿ ಈಗ ಬಹಳವಾಗಿದೆ. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮೇಲೆ ನೀರಿನಂತೆ ನಿಲ್ಲುತ್ತದೆ. ನೆಲಮಟ್ಟದಲ್ಲಿ ಗಾಳಿಗೆ ದಾರಿಯಿಲ್ಲದ ಬೀರುವಿನಲ್ಲಿ ಅದನ್ನಿಡುವುದು ಅವಿವೇಕ.

ಮೂರನೆಯದು ಕಟ್ಟೆಯ ಎತ್ತರ. ಕಟ್ಟೆ ಇರಬೇಕಾದದ್ದು ಕೆಲಸ ಮಾಡುವವರ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ. ನಮ್ಮ ಕಟ್ಟೆ ಮೂರಡಿ; ನಾಲ್ಕಡಿ ಹತ್ತಂಗುಲದ ಅಮ್ಮನ ಮೊಣಕೈಯೂ ಅಷ್ಟೇ ಎತ್ತರ. ಅದರ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ. ಊರಿನಲ್ಲಿ ಊಟಕ್ಕೆ ಕೂರುತ್ತಿದ್ದ ಮಣೆಯನ್ನು ಹಾಕಿಕೊಂಡು ಅದರ ಮೇಲೆ ನಿಂತು ಆಕೆ ಮೂರು ವರ್ಷ ಹುಳಿ ಕದಡಿದ್ದಾರೆ; ನಾವು ಯಾರೂ ಏಕೆಂದು ಕೇಳಿರಲಿಲ್ಲ. ಕಲ್ಲಿನ ಕಟ್ಟೆಯನ್ನು ಒಡೆಯುವಂತಿಲ್ಲವಾದ್ದರಿಂದ ನೆಲವನ್ನೇ ಎತ್ತರಿಸಿದೆವು: ಕಟ್ಟೆಯ ಉದ್ದಕ್ಕೂ ಮೂರಂಗುಲದ ಮರದ ಅಟ್ಟಣೆ. ಈಗ ಮಣೆಯಿಂದ ಜಾರುವ ಭಯವಿಲ್ಲ.

ಇನ್ನು ಡಬ್ಬಗಳು. ಗೋಡೆಗೆ ಒಂದೇ ಡಬ್ಬ ಹಿಡಿಯುವಷ್ಟು ಅಗಲದ ಹಲಗೆಗಳನ್ನು ಹೊಡೆಸಿದೆವು. ಆಳವಾದ ಬೀರುವಿನಲ್ಲಿ ಹೆಚ್ಚು ಸಾಮಾನು ಹಿಡಿಯುತ್ತದೆ ನಿಜ; ಆದರೆ ಹಿಂದಿನ ಸಾಲಿನ ಡಬ್ಬ ಇದ್ದೂ ಇಲ್ಲದಂತೆ. ನಮ್ಮ ಬೀರುವಿನ ಹಿಂದಿನ ಸಾಲಿನಲ್ಲಿ ಮೂರು ಬೇರೆ ಬೇರೆ ಡಬ್ಬಗಳಲ್ಲಿ ಮೆಂತ್ಯ ಸಿಕ್ಕಿತು. ಈರುಳ್ಳಿ ತೆಂಗಿನಕಾಯಿಗಳು ನೆಲುವಿಗೆ ಏರಿದವು. ಸೌಟುಗಳಿಗೆ ಮೊಳೆ.

ಹೀಗೆ ಸಿಕ್ಕ ಜಾಗವನ್ನು ಏನು ಮಾಡಬೇಕು? ನನ್ನ ವಾದವೆಲ್ಲ ಇರುವುದು ಇಲ್ಲಿ. ಅಂಗಡಿಯವರ ಚಿತ್ರಪುಸ್ತಕಗಳು, ಸಿಕ್ಕ ಪ್ರತಿಯೊಂದು ಅಂಗುಲದಲ್ಲೂ ಇನ್ನೊಂದು ಬೀರು, ಇನ್ನೊಂದು ಯಂತ್ರ ಇಡಿರೆಂದು ಬೋಧಿಸುತ್ತವೆ. ಚಿತ್ರದಲ್ಲಿ ಅಡಿಗೆ ಮಾಡುವವಳು ಯಾವಾಗಲೂ ಒಬ್ಬಳೇ. ಫ್ರಾಂಕ್‌ಫರ್ಟಿನ ಅಡಿಗೆಮನೆಯ ಮೇಲೂ ಇದೇ ಆಕ್ಷೇಪ ಬಂತು. ಅದು ಹೆಜ್ಜೆಗಳನ್ನು ಉಳಿಸಿತು, ಆದರೆ ಗೃಹಿಣಿಯನ್ನು ಒಂಟಿಯಾಗಿ ಕೂಡಿಹಾಕಿತೆಂದು ೧೯೭೦ರ ದಶಕದಿಂದೀಚೆಗೆ ಮಹಿಳೆಯರು ಟೀಕಿಸಿದರು. ಒಬ್ಬರೇ ಹಿಡಿಯುವ ಅಡಿಗೆಮನೆಯಲ್ಲಿ ಕೆಲಸವೂ ಒಬ್ಬರದೇ ಆಗುತ್ತದೆ. ‘ಒಳಗೆ ಜಾಗವಿಲ್ಲ’ ಎಂಬುದು ನಮ್ಮಂಥ ಗಂಡುಮಕ್ಕಳಿಗೆ ಬಹು ಅನುಕೂಲವಾದ ನೆಪ. ಆದ್ದರಿಂದ ಅಡಿಗೆಮನೆ ಎಷ್ಟೇ ಚಿಕ್ಕದಿರಲಿ, ಎರಡನೆಯ ಒಬ್ಬರು ಕೂರುವಷ್ಟು ಜಾಗವನ್ನು ಮೊದಲು ಗುರುತು ಹಾಕಿ, ಉಳಿದದ್ದರಲ್ಲಿ ಪಾತ್ರೆಗಳನ್ನು ಜೋಡಿಸಬೇಕೆಂದು ನನ್ನ ಅಭಿಪ್ರಾಯ. ಕಟ್ಟುವವರಿಗೂ ಒಂದು ಬಿನ್ನಹ: ಹಗಲೆಲ್ಲ ಖಾಲಿ ಬಿದ್ದಿರುವ ಹಜಾರದಿಂದ ಎರಡಡಿ ಕಿತ್ತು ಅಡಿಗೆಮನೆಗೆ ಕೊಟ್ಟರೆ ಯಾವ ಅತಿಥಿಯೂ ಮುನಿಸಿಕೊಳ್ಳುವುದಿಲ್ಲ.

ಬಾಗಿಲಿದ್ದ ಮೂಲೆಯಲ್ಲಿ ಈಗ ಒಂದು ಮೋಡ ಇದೆ. ಅದರ ಮೇಲೆ ಅಜ್ಜಿ ಕೂರುತ್ತಾರೆ. ಸಂಜೆ ತಮ್ಮ ಕೂರುತ್ತಾನೆ. ಈ ವರ್ಷದ ಅವರೆಕಾಳನ್ನು ಇಬ್ಬರೂ ಸೇರಿಯೇ ಹಿತಕಿದರು. ತೊಟ್ಟಿಯ ಕೆಳಗೆ ಎರಡಡಿ ಜಾಗ ನುಂಗಿ ಕುಳಿತಿರುವ, ವರ್ಷಕ್ಕೊಮ್ಮೆ ಹೊರಬರುವ ಅಜ್ಜಿಯ ಹಿತ್ತಾಳೆಯ ಕೊಳಗದ ವಿಚಾರ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅದನ್ನು ಮುಟ್ಟಿದರೆ ತಾವು ಊರಿಗೆ ಹೊರಡುವುದಾಗಿ ಅಜ್ಜಿ ತಿಳಿಸಿದ್ದಾರೆ.