ಅಡ್ಡಹೆಸರು ಕೇಳಿ ಮನೆ ನಿರಾಕರಿಸುವುದು ಅಪರಾಧ

‘ಮನೆ ಬಾಡಿಗೆ ಕೊಡುವುದಿದೆ’ ಎಂದು ಗೇಟಿಗೆ ಬೋರ್ಡು ಕಟ್ಟುವುದು, ಬಂದವರ ಅಡ್ಡಹೆಸರು ಕೇಳಿದ ಮೇಲೆ ‘ಮನಿ ಆಗ್ಲೇ ಬ್ಯಾರೇದವ್ರಿಗೆ ಮಾತಾಡೀವ್ರಿ’ ಎಂದು ಸಾಗಹಾಕುವುದು ವಿಜಯಪುರಕ್ಕೆ ಹೊಸದಲ್ಲ. ಅದನ್ನು ಮಾಲೀಕರ ಇಷ್ಟಾನಿಷ್ಟ ಎಂದು ಊರು ಒಪ್ಪಿಕೊಂಡಿದೆ. ಕಾನೂನು ಒಪ್ಪಿಕೊಂಡಿಲ್ಲ. ಬಂದವರು ಪರಿಶಿಷ್ಟ ಜಾತಿಯವರು ಎಂಬ ಕಾರಣಕ್ಕೆ ಮನೆ ನಿರಾಕರಿಸಿದ್ದರೆ ಅದು ಜೈಲುಶಿಕ್ಷೆಯ ಅಪರಾಧ. ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದನೇ ಒಂದು ಭಾಗ ಪರಿಶಿಷ್ಟ ಜಾತಿಯವರೇ ಇರುವಾಗ ಈ ಮಾತು ಮನೆಮಾಲೀಕರಿಗೂ ಪೊಲೀಸರಿಗೂ ಗೊತ್ತಿಲ್ಲವೆಂದರೆ ಅದು ಆಡಳಿತದ ಸೋಲು.

ನಮ್ಮ ಕಡೆ ಅಡ್ಡಹೆಸರೇ ಬಹಳಷ್ಟು ಸಲ ಜಾತಿ ಹೇಳಿಬಿಡುತ್ತದೆ. ಹೇಳದಿದ್ದರೆ ಮುಂದಿನ ಪ್ರಶ್ನೆ ಸಿದ್ಧವಿರುತ್ತದೆ: ‘ನೀವು ಯಾರ ಪೈಕಿ?’ ಅದಕ್ಕೂ ಉತ್ತರ ಜಾರಿದರೆ, ‘ಮನ್ಯಾಗ ಏನೇನು ಉಣ್ತೀರಿ?’ ತಿಕೋಟಾ, ಬಬಲೇಶ್ವರ ತಾಲೂಕು ಕೇಂದ್ರಗಳಾದ ಮೇಲೆ ಅಲ್ಲಿಗೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಪರ ಊರಿನ ನೌಕರರು ಬಂದರು. ಸರ್ಕಾರದ ಆದೇಶ ಹಿಡಿದು ವರ್ಗವಾಗಿ ಬರುವ ಶಿಕ್ಷಕಿ ಅಥವಾ ನರ್ಸ್ ಜಾತಿಯ ಕಾರಣಕ್ಕೆ ಆ ಊರಲ್ಲಿ ಮನೆ ಸಿಗದೆ ದಿನಾ ವಿಜಯಪುರದಿಂದ ಬಸ್ಸಿಗೆ ಓಡಾಡುವ ಗತಿ ಬಂದರೆ, ಸರ್ಕಾರ ಅದನ್ನು ಅವರ ಖಾಸಗಿ ತೊಂದರೆ ಎಂದು ಕೈಬಿಡುವಂತಿಲ್ಲ.

ಕಾನೂನು ಏನು ಹೇಳುತ್ತದೆ? 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ 1976ರಲ್ಲಿ ಇನ್ನಷ್ಟು ಬಿಗಿಯಾಗಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಪಡೆಯಿತು. ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ವಾಸಿಸುವುದಕ್ಕೆ ಅಸ್ಪೃಶ್ಯತೆಯ ಆಧಾರದಲ್ಲಿ ಅಡ್ಡಿ ಮಾಡಿದರೆ ಅದರ 4ನೇ ಕಲಂ ಪ್ರಕಾರ ಒಂದರಿಂದ ಆರು ತಿಂಗಳ ಜೈಲು. ಇನ್ನೂ ಮುಖ್ಯವಾದದ್ದು 12ನೇ ಕಲಂ. ನೊಂದವರು ಪರಿಶಿಷ್ಟ ಜಾತಿಯವರಾಗಿದ್ದರೆ, ಕೃತ್ಯ ನಡೆದದ್ದು ಅಸ್ಪೃಶ್ಯತೆಯ ಕಾರಣಕ್ಕೇ ಎಂದು ನ್ಯಾಯಾಲಯ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ‘ಜಾತಿಗಾಗಿ ಅಲ್ರಿ, ನಮ್ಮ ಅಳಿಯ ಬರಾವ ಇದ್ದ’ ಎಂಬ ನೆಪ ಪೊಲೀಸ್ ಠಾಣೆಯ ಬಾಗಿಲಲ್ಲೇ ದೂರನ್ನು ಮುಗಿಸಿಬಿಡುವಂತಿಲ್ಲ. ಆ ಅಳಿಯ ಎಲ್ಲಿ, ಯಾವಾಗ ಬಂದ ಎಂದು ಮಾಲೀಕನೇ ನ್ಯಾಯಾಲಯಕ್ಕೆ ಹೇಳಲಿ. ಆದರೆ 4ನೇ ಕಲಮಿನ ದಂಡ ಇಂದಿಗೂ 100ರಿಂದ 500 ರೂಪಾಯಿ. ಒಂದು ಮನುಷ್ಯ ಕುಟುಂಬವನ್ನು ಹೊಸ್ತಿಲಾಚೆ ನಿಲ್ಲಿಸಿದ್ದಕ್ಕೆ ಈ ಬೆಲೆ ಕಟ್ಟಿ ಸುಮ್ಮನಿರುವ ಸಂಸತ್ತು ನಾಚಬೇಕು.

1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಇನ್ನೂ ಹರಿತವಾಗಿದೆ. ಪರಿಶಿಷ್ಟ ಜಾತಿ, ಪಂಗಡದ ವ್ಯಕ್ತಿಯ ಜೊತೆ ವ್ಯವಹಾರ ನಿರಾಕರಿಸುವುದು, ರೂಢಿಯ ವ್ಯವಹಾರದಲ್ಲಿ ಎಲ್ಲರಿಗೂ ಇರುವ ಷರತ್ತುಗಳನ್ನು ಅವರಿಗೆ ನಿರಾಕರಿಸುವುದು ಅಲ್ಲಿ ಆರ್ಥಿಕ ಬಹಿಷ್ಕಾರದ ವ್ಯಾಖ್ಯೆಯೊಳಗೆ ಬರುತ್ತದೆ. ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ಮನೆಯಿಂದ, ಊರಿಂದ ಎಬ್ಬಿಸಿ ಕಳಿಸಿದರೂ ಅಷ್ಟೇ ಶಿಕ್ಷೆ. ಎಫ್‌ಐಆರ್ ದಾಖಲಿಸುವ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು 2018ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಕರ್ತವ್ಯದಲ್ಲಿ ಬೇಕೆಂದೇ ಉದಾಸೀನ ಮಾಡುವ, ಪರಿಶಿಷ್ಟ ಜಾತಿ ಪಂಗಡಕ್ಕೆ ಸೇರದ ಅಧಿಕಾರಿಗೂ ಜೈಲು ಇದೆ.

ಕೊಳ್ಳುವವರಿಗೂ ಒಂದು ಆಸರೆಯಿದೆ. ಸೊಲ್ಲಾಪುರ ರಸ್ತೆ, ಅಥಣಿ ರಸ್ತೆಗಳಲ್ಲಿ ಪ್ಲಾಟು ಹುಡುಕುವವರು ಗಮನಿಸಬೇಕು. 500 ಚದರ ಮೀಟರು ಮೀರಿದ ಲೇಔಟು ಸಾಮಾನ್ಯವಾಗಿ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಣಿಯಾಗಬೇಕು. ಆಗ ಡೆವಲಪರ್ ಸಲ್ಲಿಸುವ ನಮೂನೆ ‘ಬಿ’ಯ ಪ್ರಮಾಣಪತ್ರದಲ್ಲಿ, ಹಂಚಿಕೆಯ ವೇಳೆ ಯಾರಿಗೂ ತಾರತಮ್ಯ ಮಾಡುವುದಿಲ್ಲ ಎಂದು ಬರೆದುಕೊಟ್ಟಿರುತ್ತಾರೆ. ಬರೆದುಕೊಟ್ಟು ‘ಈ ಲೇಔಟು ನಮ್ಮವರಿಗಷ್ಟೇ’ ಎಂದರೆ ರೇರಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಈ ಆಸರೆಗೆ ಜಾತಿ, ಧರ್ಮದ ಗಡಿಯಿಲ್ಲ. ಎಚ್‌ಐವಿ ಸೋಂಕಿತರಿಗೆ 2017ರ ಕಾಯ್ದೆ, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ ಬಾಡಿಗೆ, ಖರೀದಿ ಎರಡರಲ್ಲೂ ತಾರತಮ್ಯ ನಿಷೇಧಿಸಿವೆ.

ಇಷ್ಟು ಹೇಳಿದ ಮೇಲೆ ಕಾನೂನಿನ ದೊಡ್ಡ ಬಿರುಕನ್ನೂ ಹೇಳಲೇಬೇಕು. ಗೋಳಗುಮ್ಮಟದ ನೆರಳಲ್ಲಿ ತಲೆಮಾರುಗಳಿಂದ ಬದುಕಿರುವ ಮುಸ್ಲಿಮನಿಗೆ ಧರ್ಮದ ಕಾರಣಕ್ಕೆ ಬಾಡಿಗೆ ಮನೆ ಸಿಗದಿದ್ದರೆ, ಆ ನಿರಾಕರಣೆಯನ್ನು ನೇರವಾಗಿ ಅಪರಾಧವೆನ್ನುವ ಒಂದು ಕಾಯ್ದೆಯೂ ಇಲ್ಲ. ತೊರವಿಯ ಮಹಿಳಾ ವಿಶ್ವವಿದ್ಯಾಲಯಕ್ಕೆ ಓದಲು ಬರುವ ಹುಡುಗಿಗೆ, ವಿಧವೆಗೆ, ಗಂಡನನ್ನು ಬಿಟ್ಟವಳಿಗೆ ‘ಒಂಟಿ ಹೆಣ್ಣಮಕ್ಕಳಿಗೆ ಕೊಡಾಂಗಿಲ್ಲ’ ಎಂದರೂ ಇಲ್ಲ. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಲಿತರಿಗಿಂತಲೂ ಮುಸ್ಲಿಮರು ಹೆಚ್ಚು ನಿರಾಕರಣೆ ಎದುರಿಸಿದ್ದರು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಮಾಲೀಕ ಯಾರನ್ನು ಯಾವ ಕಾರಣಕ್ಕೆ ತಿರಸ್ಕರಿಸಬಾರದು ಎಂದು ಹೇಳುವುದಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯೂ ಹೇಳುವುದಿಲ್ಲ.

1917ರಲ್ಲಿ ಬರೋಡಾದ ಪಾರ್ಸಿ ವಸತಿಗೃಹದಲ್ಲಿ ಹೆಸರು ಮರೆಸಿಕೊಂಡು ಉಳಿದಿದ್ದ ಅಂಬೇಡ್ಕರರನ್ನು ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತ್ತು. ವಿದೇಶದಲ್ಲಿ ಓದಿ ಬಂದ ವಿದ್ವಾಂಸನಿಗೆ ಆ ಊರಲ್ಲಿ ಹಿಂದೂ ಗೆಳೆಯನ ಮನೆಯೂ ಸಿಗಲಿಲ್ಲ, ಕ್ರೈಸ್ತ ಗೆಳೆಯನ ಮನೆಯೂ ಸಿಗಲಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟು ಅಹಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘ ತನ್ನವರಿಗಷ್ಟೇ ಸದಸ್ಯತ್ವ ಕೊಡಬಹುದು ಎಂದಿತು. ಆ ತೀರ್ಪು ತಪ್ಪು ಎಂಬುದೇ ನಮ್ಮ ನಿಲುವು. ಅಂಗಡಿ ಮುಂತಾದೆಡೆ ಪ್ರವೇಶಕ್ಕೆ ತಾರತಮ್ಯ ನಿಷೇಧಿಸುವ ಸಂವಿಧಾನದ 15(2)ನೇ ವಿಧಿಯ ‘ಅಂಗಡಿ’ ಎಂಬುದಕ್ಕೆ, ಸೇವೆ ಒದಗಿಸುವ ಯಾರೇ ಆದರೂ ಸೇರುವಷ್ಟು ವಿಶಾಲ ಅರ್ಥವಿದೆ ಎಂದು ಅಂಬೇಡ್ಕರರು 1948ರಲ್ಲಿ ಸಂವಿಧಾನ ಸಭೆಗೆ ವಿವರಿಸಿದ್ದರು. 2011ರಲ್ಲಿ ಅದೇ ವಿಶಾಲ ಅರ್ಥವನ್ನು ಸುಪ್ರೀಂ ಕೋರ್ಟು ಖಾಸಗಿ ಕಾಲೇಜಿಗೆ ಅನ್ವಯಿಸಿತು. ಬೋರ್ಡು ಕಟ್ಟಿ ತಿಂಗಳ ಬಾಡಿಗೆಗೆ ಕೂತ ಮನೆಗೆ ಅದು ಅನ್ವಯಿಸಬಾರದೇಕೆ?

‘ಮನಿ ನಂದು, ಯಾರಿಗೆ ಕೊಡಬೇಕು ಅನ್ನೋದು ನನ್ನ ಇಚ್ಛೆ’ ಎನ್ನುವವರಿಗೆ ಉತ್ತರವಿಷ್ಟೇ: ನಿಮ್ಮ ಅಡುಗೆಮನೆಗೆ ಯಾರನ್ನು ಕರೆಯುತ್ತೀರಿ ಎಂದು ಕಾನೂನು ಕೇಳುತ್ತಿಲ್ಲ. ನಿಮ್ಮ ವ್ಯಾಪಾರದ ಬಗ್ಗೆ ಕೇಳುತ್ತಿದೆ. ಬಾಡಿಗೆ ಕೊಡುವ ತಾಕತ್ತಿದೆಯೇ, ಮುಂಗಡ ಎಷ್ಟು, ಹಿಂದಿನ ಮನೆಯವರ ತಕರಾರಿತ್ತೇ ಎಂದು ಧಾರಾಳ ವಿಚಾರಿಸಿ. ಅಮೆರಿಕದ 1968ರ ವಸತಿ ಕಾನೂನು, ಮಾಲೀಕ ತಾನೂ ವಾಸವಿರುವ ಸಣ್ಣ ಕಟ್ಟಡಕ್ಕೆ ವಿನಾಯಿತಿ ಕೊಟ್ಟಿತು. ನಮ್ಮಲ್ಲಿ ಆ ವಿನಾಯಿತಿ ಬೇಡ. ಮೇಲೆ ಮಾಲೀಕ, ಕೆಳಗೆ ಬಾಡಿಗೆದಾರ ಎಂಬ ಮನೆಗಳೇ ಇಲ್ಲಿ ಹೆಚ್ಚು; ಅವನ್ನು ಬಿಟ್ಟರೆ ಕಾನೂನಿಗೆ ಉಳಿಯುವುದೇನು?

ಮೊದಲ ಹೊಣೆ ಜಿಲ್ಲಾಧಿಕಾರಿಗಳದು. ದೌರ್ಜನ್ಯ ತಡೆ ನಿಯಮಗಳಡಿ ಅವರ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮನೆ ನಿರಾಕರಣೆಯನ್ನು ಅದರ ಕಾರ್ಯಸೂಚಿಗೆ ಸೇರಿಸಲಿ. ನಗರದ ಠಾಣೆಗಳ ಜೊತೆಗೆ ತಿಕೋಟಾ, ಬಬಲೇಶ್ವರ ಠಾಣೆಗಳಲ್ಲೂ ಇಂಥ ದೂರು ಎಷ್ಟು ಬಂದವು, ಎಷ್ಟಕ್ಕೆ ಎಫ್‌ಐಆರ್ ಆಯಿತು ಎಂದು ಪ್ರತಿ ಸಭೆಯಲ್ಲೂ ಕೇಳಲಿ. ಮನೆ ತೋರಿಸುವ ಏಜೆಂಟರಿಗೆ, ಅಡ್ಡಹೆಸರು ಸೋಸುವ ಕೆಲಸ ಅಪರಾಧಕ್ಕೆ ಕುಮ್ಮಕ್ಕು ಎಂದು ಪೊಲೀಸರು ಕರೆದು ಹೇಳಲಿ. ನೊಂದವರು ಫೋನಿನ ಮಾತು, ವಾಟ್ಸ್ಆ್ಯಪ್ ಸಂದೇಶ, ಬೋರ್ಡಿನ ಫೋಟೊ ಅಳಿಸದೆ ಇಟ್ಟುಕೊಂಡು ದೂರು ಕೊಡಲಿ. ಠಾಣೆ ತೆಗೆದುಕೊಳ್ಳದಿದ್ದರೆ ಎಸ್‌ಪಿ ಕಚೇರಿಗೆ ಹೋಗಲಿ, ನಾಗರಿಕ ಹಕ್ಕುಗಳ ಜಾರಿ ನಿರ್ದೇಶನಾಲಯಕ್ಕೆ ಬರೆಯಲಿ.

ಉಳಿದದ್ದು ರಾಜ್ಯ ಸರ್ಕಾರದ ಕೆಲಸ. ಬಾಡಿಗೆ ಕಾಯ್ದೆಯನ್ನು ಮಾಡಿದ್ದು ಈ ರಾಜ್ಯದ ಶಾಸಕಾಂಗ. ತಿದ್ದುವ ಅಧಿಕಾರವೂ ಅದಕ್ಕಿದೆ. ಜಾತಿ, ಧರ್ಮ, ಲಿಂಗ, ವೈವಾಹಿಕ ಸ್ಥಿತಿ, ಆಹಾರದ ನೆಪದಲ್ಲಿ ಬಾಡಿಗೆ ಅಥವಾ ಮಾರಾಟ ನಿರಾಕರಿಸುವುದನ್ನು ನಿಷೇಧಿಸುವ, ಏಜೆಂಟರನ್ನೂ ಹೊಣೆ ಮಾಡುವ, ದಂಡವನ್ನು ಕೇಳಿದ ಬಾಡಿಗೆಯ ಹಲವು ಪಟ್ಟು ಏರಿಸುವ ಮಸೂದೆಯನ್ನು ಬೆಳಗಾವಿಯ ಮುಂದಿನ ಅಧಿವೇಶನದಲ್ಲೇ ಮಂಡಿಸಬೇಕು. ವಿಜಯಪುರ ಜಿಲ್ಲೆಯ ಶಾಸಕರು ಪಕ್ಷ ಯಾವುದೇ ಇರಲಿ, ಅದಕ್ಕೆ ಪರವೋ ವಿರುದ್ಧವೋ ಎಂದು ಸದನದಲ್ಲಿ ಎದ್ದುನಿಂತು ಹೇಳಬೇಕು.